ಪತ್ತೇದಾರಿ ಚಿತ್ರಗಳಲ್ಲಿ ವಿಶ್ವಭೀತಿ ಮತ್ತು ವಿಷಾದಾಂತ್ಯ

ಅಪರಾಧದ ತನಿಖೆಯನ್ನು ಕಥಾವಸ್ತುವಾಗಿ ಉಳ್ಳ ಕೆಲವು ಚಲನಚಿತ್ರಗಳಲ್ಲಿಯೂ ಕಿರುತೆರೆಯ ಧಾರಾವಾಹಿಗಳಲ್ಲಿಯೂ ‘ಕಾಸ್ಮಿಕ್ ಹಾರರ್’ ಅಥವಾ ವಿಶ್ವಭೀತಿ ಎಂಬ ಸಾಹಿತ್ಯ ಪ್ರಕಾರದ ಪ್ರಭಾವವನ್ನು ಕಾಣಬಹುದು. ವಿಶ್ವವು ಮನುಷ್ಯನ ಸುಖದುಃಖಗಳ ಬಗ್ಗೆ ಸಂಪೂರ್ಣ ಉದಾಸೀನವಾಗಿದೆ, ಅದರ ನಿಜಸ್ವರೂಪವನ್ನು ಕಂಡವನ ಬುದ್ಧಿ ಸ್ಥಿಮಿತದಲ್ಲಿ ಉಳಿಯದು ಎಂಬುದು ಈ ಪ್ರಕಾರದ ಮೂಲಭಾವನೆ. ೨೦೧೪ರಲ್ಲಿ ಪ್ರಸಾರವಾದ ‘ಟ್ರೂ ಡಿಟೆಕ್ಟಿವ್’ ಎಂಬ ಅಮೆರಿಕನ್ ಧಾರಾವಾಹಿಯ ಮೊದಲ ಸರಣಿಯು ಇದಕ್ಕೆ ಪ್ರಸಿದ್ಧ ಉದಾಹರಣೆ. (ಈ ಲೇಖನದಲ್ಲಿ ಹಲವು ಕೃತಿಗಳ ಅಂತ್ಯವನ್ನು ವಿವರಿಸಲಾಗಿದೆ.)

ಹಿನ್ನೆಲೆ

ಆಧುನಿಕ ಪತ್ತೇದಾರಿ ಕಥೆಯ ಆರಂಭವನ್ನು ಸಾಮಾನ್ಯವಾಗಿ ಎಡ್ಗರ್ ಅಲನ್ ಪೋ ೧೮೪೧ರಲ್ಲಿ ಪ್ರಕಟಿಸಿದ ‘ದಿ ಮರ್ಡರ್ಸ್ ಇನ್ ದಿ ರೂ ಮಾರ್ಗ್’ ಕಥೆಯಲ್ಲಿ ಗುರುತಿಸುತ್ತಾರೆ. ಭಯಾನಕ ಕಥೆಗಳಿಗೂ ಪೋ ಪೂರ್ವಸೂರಿಯೇ. ಆದರೂ ಈ ಎರಡು ಪ್ರಕಾರಗಳ ಉದ್ದೇಶಗಳು ಪರಸ್ಪರ ವಿರುದ್ಧವಾದವು. ಪತ್ತೇದಾರಿ ಕಥೆಯಲ್ಲಿ ಅಪರಾಧದಿಂದ ಕದಡಿದ ಲೋಕಕ್ರಮವು ಸತ್ಯ ಹೊರಬಿದ್ದಾಗ ಮತ್ತೆ ನೆಲೆಗೊಳ್ಳುತ್ತದೆ. ಅಲ್ಲಿ ತಿಳಿವಳಿಕೆಯೇ ಪರಿಹಾರ. ವಿಶ್ವಭೀತಿಯ ಕಥೆಯಲ್ಲಿ ತಿಳಿವಳಿಕೆಯೇ ವಿನಾಶ.

ವಿರುದ್ಧವಾದ ಈ ಪ್ರಕಾರಗಳು ಕಥನಕ್ರಮದಲ್ಲಿ ಮಾತ್ರ ಒಂದನ್ನೊಂದು ಹೋಲುತ್ತವೆ. ಎಚ್. ಪಿ. ಲವ್‌ಕ್ರಾಫ್ಟ್‌ನ ‘ದಿ ಕಾಲ್ ಆಫ್ ಕ್ತುಲು’ (೧೯೨೮) ರಚನೆಯಲ್ಲಿ ಒಂದು ತನಿಖಾ ಕಥೆಯೇ ಆಗಿದೆ. ಮೃತ ಬಂಧುವೊಬ್ಬನ ಕಾಗದಪತ್ರಗಳನ್ನೂ ಪತ್ರಿಕೆಯ ತುಣುಕುಗಳನ್ನೂ ನಿರೂಪಕನು ಒಂದೊಂದಾಗಿ ಜೋಡಿಸುತ್ತಾನೆ. ಲೂಯಿಸಿಯಾನದ ಜೌಗುಪ್ರದೇಶದಲ್ಲಿ ನರಬಲಿ ನಡೆಸುತ್ತಿದ್ದ ರಹಸ್ಯ ಪಂಥದ ಮೇಲೆ ಲೆಗ್ರಾಸ್ ಎಂಬ ಪೊಲೀಸ್ ಅಧಿಕಾರಿ ದಾಳಿ ನಡೆಸಿದ ಪ್ರಸಂಗವೂ ಅದರಲ್ಲಿದೆ. ಎಲ್ಲವೂ ಜೋಡಣೆಯಾದಾಗ ನಿರೂಪಕನಿಗೆ ದೊರೆಯುವುದು ಸಮಾಧಾನವಲ್ಲ, ಜೀವಭಯ.

ತೆರೆಯ ಮೇಲೆ ವಿಷಾದಾಂತ್ಯ

ಪತ್ತೇದಾರನು ಸೋಲುವ ಎಲ್ಲ ಚಿತ್ರಗಳನ್ನೂ ಈ ಗುಂಪಿಗೆ ಸೇರಿಸುವುದು ಸರಿಯಲ್ಲ. ರೋಮನ್ ಪೊಲಾನ್‌ಸ್ಕಿ ನಿರ್ದೇಶನದ ‘ಚೈನಾಟೌನ್’ (೧೯೭೪) ಚಿತ್ರದ ಅಂತ್ಯದಲ್ಲಿ ನಾಯಕಿ ಗುಂಡಿಗೆ ಬಲಿಯಾಗುತ್ತಾಳೆ, ತಪ್ಪಿತಸ್ಥನಾದ ಸಿರಿವಂತ ನಿರಾತಂಕವಾಗಿ ಉಳಿಯುತ್ತಾನೆ. ರಾಬರ್ಟ್ ಟೌನ್ ಬರೆದ ಮೂಲ ಚಿತ್ರಕಥೆಯ ಅಂತ್ಯ ಇಷ್ಟು ಕಠೋರವಾಗಿರಲಿಲ್ಲ. ಬದಲಾವಣೆಗೆ ಪಟ್ಟುಹಿಡಿದವರು ನಿರ್ದೇಶಕರು. ಡೇವಿಡ್ ಫಿಂಚರ್ ನಿರ್ದೇಶನದ ‘ಸೆವೆನ್’ (೧೯೯೫) ಚಿತ್ರದಲ್ಲಿ ಕೊಲೆಗಾರನ ಯೋಜನೆಯನ್ನು ಪತ್ತೇದಾರನೇ ತನ್ನ ಕೈಯಾರೆ ಪೂರ್ಣಗೊಳಿಸುತ್ತಾನೆ. ಈ ಎರಡೂ ಚಿತ್ರಗಳಲ್ಲಿ ಕೇಡಿನ ಮೂಲ ಮನುಷ್ಯನೇ.

ವಿಶ್ವಭೀತಿಯ ನೆರಳು ಸ್ಪಷ್ಟವಾಗಿರುವುದು ಬೇರೆ ಚಿತ್ರಗಳಲ್ಲಿ. ಅಲನ್ ಪಾರ್ಕರ್ ನಿರ್ದೇಶನದ ‘ಏಂಜೆಲ್ ಹಾರ್ಟ್’ (೧೯೮೭) ಚಿತ್ರದ ಖಾಸಗಿ ಪತ್ತೇದಾರ, ಕಾಣೆಯಾದ ಗಾಯಕನನ್ನು ಹುಡುಕುತ್ತ ನ್ಯೂಯಾರ್ಕ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಹೋಗುತ್ತಾನೆ; ಕೊನೆಗೆ ಆ ಗಾಯಕ ತಾನೇ ಎಂದು ತಿಳಿಯುತ್ತದೆ. ಇಲ್ಲಿ ಸೈತಾನನಿರುವುದರಿಂದ ಇದನ್ನು ಶುದ್ಧ ವಿಶ್ವಭೀತಿ ಎನ್ನಲಾಗದಾದರೂ ಅರಿವೇ ಶಿಕ್ಷೆಯಾಗುವ ಕ್ರಮ ಒಂದೇ. ಜಾನ್ ಕಾರ್ಪೆಂಟರ್‌ನ ‘ಇನ್ ದಿ ಮೌತ್ ಆಫ್ ಮ್ಯಾಡ್‌ನೆಸ್’ (೧೯೯೪) ನೇರವಾಗಿ ಲವ್‌ಕ್ರಾಫ್ಟ್‌ಗೆ ಋಣಿ. ವಿಮಾ ವಂಚನೆಗಳ ತನಿಖೆ ನಡೆಸುವ ನಾಯಕನು ಕಣ್ಮರೆಯಾದ ಭಯಾನಕ ಕಾದಂಬರಿಕಾರನನ್ನು ಅರಸಿ ಹೊರಟು, ತಾನೇ ಆ ಲೇಖಕನ ಪಾತ್ರವೆಂದು ಕಂಡುಕೊಳ್ಳುತ್ತಾನೆ.

ಜಪಾನಿನ ಕಿಯೋಷಿ ಕುರೊಸಾವಾ ನಿರ್ದೇಶನದ ‘ಕ್ಯೂರ್’ (೧೯೯೭) ಇವೆಲ್ಲಕ್ಕಿಂತ ಸೂಕ್ಷ್ಮವಾದ ಕೃತಿ. ಪರಸ್ಪರ ಸಂಬಂಧವಿಲ್ಲದ ಸಾಮಾನ್ಯ ಜನರು ಒಂದೇ ಬಗೆಯ ಕೊಲೆಗಳನ್ನು ಮಾಡುತ್ತಾರೆ. ಹಿಂದೆ ಇರುವವನು ನೆನಪು ಕಳೆದುಕೊಂಡಂತೆ ತೋರುವ ಸಂಮೋಹನಕಾರ. ಅವನು ಸತ್ತರೂ ಕೇಡು ಸಾಯುವುದಿಲ್ಲ, ಅದು ಪತ್ತೇದಾರನಿಗೇ ಅಂಟಿರಬಹುದು ಎಂಬ ಸೂಚನೆಯೊಂದಿಗೆ ಚಿತ್ರ ಮುಗಿಯುತ್ತದೆ. ರಾಕ್ಷಸರಾಗಲಿ ರಕ್ತದ ಅಬ್ಬರವಾಗಲಿ ಇಲ್ಲದೆ, ಉಪಾಹಾರಗೃಹದ ಒಂದು ಮಾಮೂಲಿ ದೃಶ್ಯದಲ್ಲಿಯೇ ಭೀತಿ ಹುಟ್ಟುತ್ತದೆ.

ಟ್ರೂ ಡಿಟೆಕ್ಟಿವ್ (೨೦೧೪)

ಎಚ್‌ಬಿಒ ವಾಹಿನಿಯಲ್ಲಿ ೨೦೧೪ರ ಜನವರಿಯಿಂದ ಮಾರ್ಚ್‌ವರೆಗೆ ಎಂಟು ಕಂತುಗಳಲ್ಲಿ ಪ್ರಸಾರವಾದ ಈ ಸರಣಿಯನ್ನು ನಿಕ್ ಪಿಜೊಲಾಟೊ ಬರೆದರು. ಕ್ಯಾರಿ ಫುಕುನಾಗಾ ನಿರ್ದೇಶಿಸಿದರು. ಕಥೆ ನಡೆಯುವುದು ಲೂಯಿಸಿಯಾನದಲ್ಲಿ. ೧೯೯೫ರಲ್ಲಿ ಕಬ್ಬಿನ ಗದ್ದೆಯೊಂದರ ಬಳಿ, ತಲೆಗೆ ಜಿಂಕೆಯ ಕೊಂಬುಗಳನ್ನು ತೊಡಿಸಿದ ಯುವತಿಯ ಶವ ದೊರೆಯುತ್ತದೆ. ರಸ್ಟ್ ಕೋಲ್ (ಮ್ಯಾಥ್ಯೂ ಮೆಕಾನಹೇ) ಮತ್ತು ಮಾರ್ಟಿ ಹಾರ್ಟ್ (ವುಡಿ ಹ್ಯಾರೆಲ್‌ಸನ್) ಎಂಬ ಅಧಿಕಾರಿಗಳು ಆರಂಭಿಸಿದ ತನಿಖೆ ಹದಿನೇಳು ವರ್ಷಗಳವರೆಗೆ ಚಾಚಿಕೊಳ್ಳುತ್ತದೆ.

ತನಿಖೆಯ ಸುಳಿವುಗಳಾಗಿ ಬರುವ ‘ಕಾರ್ಕೋಸಾ’ ಮತ್ತು ‘ಹಳದಿ ರಾಜ’ ಎಂಬ ಹೆಸರುಗಳಿಗೆ ದೀರ್ಘ ಇತಿಹಾಸವಿದೆ. ಆಂಬ್ರೋಸ್ ಬಿಯರ್ಸ್ ೧೮೮೬ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ ಕಾರ್ಕೋಸಾ ನಗರದ ನಿವಾಸಿಯೊಬ್ಬ ಪಾಳುಬಿದ್ದ ಸ್ಮಶಾನದಲ್ಲಿ ಅಲೆದು ತನ್ನದೇ ಸಮಾಧಿಯ ಕಲ್ಲನ್ನು ಕಾಣುತ್ತಾನೆ. ರಾಬರ್ಟ್ ಚೇಂಬರ್ಸ್ ಆ ಹೆಸರನ್ನು ‘ದಿ ಕಿಂಗ್ ಇನ್ ಯೆಲ್ಲೋ’ (೧೮೯೫) ಕಥಾಸಂಕಲನಕ್ಕೆ ಎತ್ತಿಕೊಂಡನು. ಅದರ ಕೆಲವು ಕಥೆಗಳಲ್ಲಿ ಓದಿದವರನ್ನು ಹುಚ್ಚರನ್ನಾಗಿಸುವ ಕಾಲ್ಪನಿಕ ನಾಟಕವೊಂದರ ಪ್ರಸ್ತಾಪವಿದೆ. ಚೇಂಬರ್ಸ್‌ನಿಂದ ಲವ್‌ಕ್ರಾಫ್ಟ್ ಎರವಲು ಪಡೆದನು. ಧಾರಾವಾಹಿ ಪ್ರಸಾರವಾದಾಗ ಶತಮಾನಕ್ಕೂ ಹಳೆಯದಾದ ಚೇಂಬರ್ಸ್‌ನ ಸಂಕಲನಕ್ಕೆ ಹೊಸ ಓದುಗರು ದೊರೆತರು. ಮನುಷ್ಯನ ಪ್ರಜ್ಞೆಯೇ ಪ್ರಕೃತಿಯ ಪ್ರಮಾದವೆನ್ನುವ ಕೋಲ್‌ನ ನಿರಾಶಾವಾದಕ್ಕೆ ಥಾಮಸ್ ಲಿಗೋಟಿಯ ಬರಹಗಳ ಪ್ರಭಾವವನ್ನು ಪಿಜೊಲಾಟೊ ಒಪ್ಪಿಕೊಂಡಿದ್ದಾರೆ. ಇದು ಪ್ರಭಾವವನ್ನು ಮೀರಿದ ಕೃತಿಚೌರ್ಯವೆಂಬ ಆರೋಪವೂ ೨೦೧೪ರ ಆಗಸ್ಟ್‌ನಲ್ಲಿ ಕೇಳಿಬಂತು. ಲೇಖಕರೂ ವಾಹಿನಿಯೂ ಅದನ್ನು ನಿರಾಕರಿಸಿದರು.

ಅಂತ್ಯದ ಕುರಿತ ಚರ್ಚೆ

ಕೊನೆಯ ಕಂತಿನಲ್ಲಿ ಕಾರ್ಕೋಸಾ ಎಂಬುದು ಪಾಳು ಕೋಟೆಯೆಂದೂ ಕೊಲೆಗಾರನು ಮರ್ತ್ಯ ಮನುಷ್ಯನೆಂದೂ ಗೊತ್ತಾಗುತ್ತದೆ. ಕೋಲ್‌ಗೆ ತಲೆಯ ಮೇಲೆ ಸುಳಿಯುವ ನಕ್ಷತ್ರಮಂಡಲದಂತಹ ದೃಶ್ಯ ಕ್ಷಣಕಾಲ ಕಾಣುತ್ತದೆ. ಆದರೆ ಅವನಿಗೆ ಹಿಂದಿನಿಂದಲೂ ಇಂತಹ ಭ್ರಮೆಗಳಾಗುತ್ತಿದ್ದವು ಎಂದು ಕಥೆ ಮೊದಲೇ ತಿಳಿಸಿದೆ. ಗಾಯಗೊಂಡು ಬದುಕುಳಿದ ಅವನು, ಸಾವಿನಂಚಿನಲ್ಲಿ ಮೃತ ಮಗಳ ಪ್ರೀತಿಯನ್ನು ಅನುಭವಿಸಿದುದಾಗಿ ಹೇಳಿ ಅಳುತ್ತಾನೆ. ಕತ್ತಲೆಯ ಎದುರು ಬೆಳಕು ಗೆಲ್ಲುತ್ತಿದೆ ಎಂಬ ಮಾತು ನಿರಾಶಾವಾದಿಯಾಗಿದ್ದ ಅವನ ಬಾಯಿಂದಲೇ ಬರುತ್ತದೆ.

ವಿಶ್ವಭೀತಿಯನ್ನು ನಿರೀಕ್ಷಿಸಿದ್ದ ಹಲವು ವೀಕ್ಷಕರಿಗೆ ಇದು ಹಿಮ್ಮೆಟ್ಟುವಿಕೆಯಾಗಿ ಕಂಡಿತು. ಆದರೆ ಕೊಲೆಗಾರನ ಹಿಂದಿದ್ದ ಪ್ರಭಾವಿ ಟಟಲ್ ಮನೆತನದವರಲ್ಲಿ ಹಲವರು ಶಿಕ್ಷೆಗೆ ಒಳಗಾಗುವುದಿಲ್ಲ ಎಂಬುದನ್ನು ಈ ಟೀಕೆ ಗಮನಿಸುವುದಿಲ್ಲ. ಕೋಲ್‌ನ ವೈಯಕ್ತಿಕ ದುಃಖಕ್ಕೆ ಉಪಶಮನ ಸಿಗುತ್ತದೆ. ಕಾಣೆಯಾದ ಹೆಂಗಸರು ಮತ್ತು ಮಕ್ಕಳ ಮೊಕದ್ದಮೆಗಳಲ್ಲಿ ಬಹುಪಾಲು ಮುಚ್ಚಿಹೋಗಿಯೇ ಉಳಿಯುತ್ತವೆ.

ಇಸ್ಸಾ ಲೋಪೆಜ್ ರೂಪಿಸಿದ ನಾಲ್ಕನೆಯ ಸರಣಿ ‘ನೈಟ್ ಕಂಟ್ರಿ’ (೨೦೨೪) ಕಥೆಯನ್ನು ಅಲಾಸ್ಕಾದ ದೀರ್ಘ ಧ್ರುವರಾತ್ರಿಗೆ ಒಯ್ದು, ಮೊದಲ ಸರಣಿಯ ಸುರುಳಿ ಚಿಹ್ನೆಯನ್ನೂ ಟಟಲ್ ಹೆಸರನ್ನೂ ಮರಳಿ ತಂದಿತು. ಅಲ್ಲಿ ಮೃತರು ಕಾಣಿಸಿಕೊಳ್ಳುವುದಕ್ಕೆ ಪೂರ್ಣ ವಿವರಣೆಯನ್ನು ಕೊಟ್ಟಿಲ್ಲ.