ದೂರದ ಭೂಕಂಪವೂ ಹತ್ತಿರದ ನಡುಕವೂ

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬುದು ನಮ್ಮಲ್ಲಿ ಮನೆಮಾತು. ಪಂಡಿತರು ಇದನ್ನೇ ಕಾಕತಾಳೀಯ ನ್ಯಾಯವೆಂದು ಕರೆದರು. ಎರಡು ಸಂಗತಿಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದೆಂಬುದು ಅದರ ತಾತ್ಪರ್ಯ. ಒಂದು ಕಡೆ ನೆಲ ನಡುಗಿದರೆ, ನೂರಾರು ಹರಿದಾರಿ ಆಚೆಯ ನೆಲವೂ ಅದರಿಂದ ಸಡಿಲವಾಗಬಲ್ಲುದೇ? ಭೂಕಂಪಶಾಸ್ತ್ರದ ಈ ಪ್ರಶ್ನೆಯನ್ನು ಆ ನ್ಯಾಯದ ಬಲದಿಂದಲೇ ಬಹುಕಾಲ ಬದಿಗಿರಿಸಲಾಗಿತ್ತು. ಅದು ಮತ್ತೆ ತಲೆಯೆತ್ತಿದ ಬಗೆಯನ್ನು ಈಗ ವಿಚಾರ ಮಾಡೋಣ.

1906ನೆಯ ಇಸವಿ ಏಪ್ರಿಲ್ 18ರ ಬೆಳಗ್ಗೆ 5 ಗಂಟೆ 12 ನಿಮಿಷಕ್ಕೆ ಸಾನ್ ಫ್ರಾನ್ಸಿಸ್ಕೋ ನಗರವು ಭೂಕಂಪಕ್ಕೆ ತುತ್ತಾಯಿತು. ನಗರವಿನ್ನೂ ಬೆಂಕಿಯಲ್ಲಿ ಉರಿಯುತ್ತಿರುವಾಗಲೇ, ಸುಮಾರು 11 ಗಂಟೆಗಳ ತರುವಾಯ, ಕ್ಯಾಲಿಫೋರ್ನಿಯದ ದಕ್ಷಿಣದ ತುದಿಯಲ್ಲಿರುವ ಇಂಪೀರಿಯಲ್ ಕಣಿವೆಯಲ್ಲಿ ಬೇರೊಂದು ಬಲವಾದ ಭೂಕಂಪ ಸಂಭವಿಸಿತು. ದೊಡ್ಡ ಕಂಪದ ಹಿಂದೆಯೇ ಅದರ ನೆರೆಯಲ್ಲಿ ಮರುಕಂಪನಗಳು ಬರುವುದು ಎಲ್ಲರೂ ಬಲ್ಲ ವಿಷಯ. ಆದರೆ ಇಷ್ಟು ದೂರದ ಈ ಕಂಪವನ್ನು ಏನೆಂದು ಕರೆಯಬೇಕು?

ವಿದ್ವಾಂಸರ ಸಂಶಯಕ್ಕೆ ಆಧಾರವಿಲ್ಲದಿರಲಿಲ್ಲ. ಭೂಮಿಯ ಬಂಡೆ ಸೀಳಿ ಜರುಗಿದ ರೇಖೆಗೆ ಸ್ತರಭಂಗವೆಂದು ಹೆಸರು. ಅದು ಮತ್ತೆ ಜರುಗಿದಾಗ ಅದರ ಹೊರೆಯ ಒಂದು ಪಾಲು ನೆರೆಯ ಬಂಡೆಗಳ ಮೇಲೆ ಬೀಳುತ್ತದೆ. ಆದರೆ ಈ ಹೊರೆಯು ದೂರದ ಘನಪ್ರಮಾಣದಲ್ಲಿ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಹೊರೆ ಎಂಟರಲ್ಲಿ ಒಂದು ಪಾಲಾಗುವುದು. ಬಹುದೂರದಲ್ಲಿ ಅದು, ಚಂದ್ರಸೂರ್ಯರ ಆಕರ್ಷಣೆಯಿಂದ ನೆಲದಲ್ಲಿ ನಿತ್ಯವೂ ಉಂಟಾಗುವ ಏರಿಳಿತಕ್ಕಿಂತಲೂ ಅಲ್ಪವಾದುದು. ಇಂತಹ ಅಲ್ಪಬಲವು ಬೆಟ್ಟಗಳನ್ನು ಕದಲಿಸೀತೆಂದು ಹೇಳಲು ಯಾರಿಗೆ ಧೈರ್ಯವಿದ್ದೀತು?

1992ರ ಜೂನ್ 28ರಂದು ಈ ನಂಬಿಕೆ ಅಲುಗಾಡಿತು. ಅಂದು ಮೊಹಾವಿ ಮರುಭೂಮಿಯ ಲ್ಯಾಂಡರ್ಸ್ ಎಂಬಲ್ಲಿ 7.3 ಪ್ರಮಾಣದ ಭೂಕಂಪವಾಯಿತು. ಅದರ ಅಲೆಗಳು ಹಾದುಹೋದಂತೆ ಕ್ಯಾಲಿಫೋರ್ನಿಯದ ಲಾಂಗ್ ವ್ಯಾಲಿ, ನೆವಾಡ, ಯೂಟಾ, ಕಡೆಗೆ ಸುಮಾರು 1250 ಕಿಲೋಮೀಟರು ದೂರದ ಯೆಲ್ಲೋಸ್ಟೋನ್ ಪ್ರದೇಶಗಳಲ್ಲಿ ಸಣ್ಣ ಕಂಪಗಳು ಏಕಕಾಲಕ್ಕೆ ಹೆಚ್ಚಿದವು. ಮರುದಿನ ನೆವಾಡದ ಲಿಟಲ್ ಸ್ಕಲ್ ಬೆಟ್ಟದಲ್ಲಿ 5.6 ಪ್ರಮಾಣದ ಕಂಪವೇ ಆಯಿತು. ಒಂದು ಕಾಗೆ, ಒಂದು ಕೊಂಬೆಯಾಗಿದ್ದರೆ ಆಕಸ್ಮಿಕವೆನ್ನಬಹುದಾಗಿತ್ತು. ಇಲ್ಲಿ ತೋಪಿನ ಮರಮರದಲ್ಲಿಯೂ ಕೊಂಬೆ ಮುರಿದಿತ್ತು!

ಕಾರಣವನ್ನು ಭೂಕಂಪದ ಅಲೆಗಳಲ್ಲಿಯೇ ಹುಡುಕಬೇಕಾಯಿತು. ನೆಲದ ಮೇಲ್ಮೈಯನ್ನು ಹಿಡಿದು ಸಾಗುವ ದೀರ್ಘ ಅಲೆಗಳು ಸ್ಥಿರವಾದ ಹೊರೆಯಷ್ಟು ಬೇಗ ಕುಗ್ಗುವುದಿಲ್ಲ. ಅವು ಹಾದುಹೋಗುವಾಗ ಸ್ತರಭಂಗವನ್ನು ಒಮ್ಮೆ ಅದುಮಿ ಒಮ್ಮೆ ಸಡಿಲಿಸುತ್ತವೆ. ಬಿಸಿನೀರಿನ ಬುಗ್ಗೆಗಳಿರುವೆಡೆ ಬಂಡೆಯ ಬಿರುಕುಗಳಲ್ಲಿ ಕಟ್ಟಿಕೊಂಡಿದ್ದ ಹೂಳು ಕದಲಿ, ನೀರಿನ ಒತ್ತಡ ಬೇರೆಡೆಗೆ ಹರಿದು, ಬಂಡೆಗಳ ಹಿಡಿತ ತಪ್ಪುವುದೂ ಉಂಟೆಂದು ಊಹಿಸಲಾಗಿದೆ. ಅಲೆಗಳು ನಿಮಿಷಗಳಲ್ಲಿ ಹಾದುಹೋದರೂ ಕೆಲವು ಕಂಪಗಳು ಗಂಟೆಗಳ, ದಿನಗಳ ತರುವಾಯ ಬರುವುದೇಕೆಂಬುದಕ್ಕೆ ಮಾತ್ರ ಸರ್ವಸಮ್ಮತವಾದ ಉತ್ತರವಿನ್ನೂ ದೊರೆತಿಲ್ಲ.

2002ರ ನವೆಂಬರ್ 3ರಂದು ಅಲಾಸ್ಕದ ಡೆನಾಲಿ ಸ್ತರಭಂಗ ಜರುಗಿದಾಗ ಸುಮಾರು 3000 ಕಿಲೋಮೀಟರು ದೂರದ ಯೆಲ್ಲೋಸ್ಟೋನ್ ಮತ್ತೆ ಓಗೊಟ್ಟಿತು. ಅಲ್ಲಿಯ ಕೆಲವು ಬಿಸಿನೀರಿನ ಚಿಲುಮೆಗಳು ಚಿಮ್ಮುವ ವೇಳೆಯೂ ಬದಲಾಯಿತು. ಅದೇ ವರ್ಷ ಜಪಾನಿನ ಒಬಾರಾ ಎಂಬ ವಿಜ್ಞಾನಿಯು, ನೆಲದಾಳದಲ್ಲಿ ಗಂಟೆಗಟ್ಟಲೆ ನಡೆಯುವ ಒಂದು ಮಂದಕಂಪವನ್ನು ಪ್ರಕಟಪಡಿಸಿದ್ದರು. ಇದು ಸಿಡಿಲಿನಂತೆ ಬಡಿಯುವುದಲ್ಲ, ಗುನುಗುವಂಥದು; ಮನುಷ್ಯನ ಅರಿವಿಗೆ ಬಾರದು, ಮಾಪಕಗಳಿಗೆ ಮಾತ್ರ ಗೋಚರ. ಡೆನಾಲಿಯ ಅಲೆಗಳು ಕೆನಡದ ವ್ಯಾಂಕೂವರ್ ದ್ವೀಪವನ್ನು ದಾಟುವಾಗ ಈ ಗುನುಗು ಅಲ್ಲಿ ಕಾಣಿಸಿಕೊಂಡಿತ್ತೆಂದು 2007ರಲ್ಲಿ ಪ್ರಕಟವಾಯಿತು. ಅಲೆಯು ಸ್ತರಭಂಗವನ್ನು ಜರುಗುವ ದಿಕ್ಕಿಗೆ ನೂಕಿದಾಗ ಗುನುಗು ಏಳುವುದು, ಎದುರು ದಿಕ್ಕಿಗೆಳೆದಾಗ ಅಡಗುವುದು. ಕಾರ್ಯಕಾರಣಸಂಬಂಧವನ್ನು ಇದಕ್ಕಿಂತ ನಿಚ್ಚಳವಾಗಿ ತೋರಿಸುವುದು ಕಷ್ಟ.

ಹಾಗಾದರೆ ಎಲ್ಲಿಯೋ ಭೂಕಂಪವಾಯಿತೆಂಬ ಸುದ್ದಿ ಕೇಳಿ ನಾವು ಇಲ್ಲಿ ಮನೆಬಿಟ್ಟು ಓಡಬೇಕೇ? ಬೇಕಿಲ್ಲ. ದೂರದ ಅಲೆ ಎಬ್ಬಿಸುವುದು ಬಹುಮಟ್ಟಿಗೆ ಸಣ್ಣ ಕಂಪಗಳನ್ನೇ. ಅಪವಾದವಿಲ್ಲವೆಂದಲ್ಲ. 2012ರ ಏಪ್ರಿಲ್ 11ರಂದು ಹಿಂದೂ ಮಹಾಸಾಗರದಲ್ಲಿ, ಸುಮಾತ್ರದ ಪಶ್ಚಿಮಕ್ಕೆ, 8.6 ಪ್ರಮಾಣದ ಭೂಕಂಪವಾಯಿತು. ಬೆಂಗಳೂರಿನಲ್ಲಿಯೂ ಜನ ಅದರ ತೂಗಾಟವನ್ನು ಅನುಭವಿಸಿದರು. ಮುಂದಿನ ಆರು ದಿನಗಳಲ್ಲಿ ಜಗತ್ತಿನ ದೂರದೂರದ ಎಡೆಗಳಲ್ಲಿ 5.5ಕ್ಕೆ ಮೇಲ್ಪಟ್ಟ ಕಂಪಗಳು ವಾಡಿಕೆಯ ಸುಮಾರು ಐದರಷ್ಟಾದವು. ಅಂತಹ ಪ್ರಸಂಗ ಅಪೂರ್ವ.

ನಾವು ಮುಖ್ಯವಾಗಿ ಗಮನಿಸಬೇಕಾದುದು ಒಕ್ಲಹೋಮದ ಪ್ರೇಗ್ ಎಂಬ ಊರಿನ ಸಂಗತಿಯನ್ನು. ಅಲ್ಲಿ ಎಣ್ಣೆಯ ಉದ್ಯಮದ ಕೊಳಕುನೀರನ್ನು ಬಹುಕಾಲದಿಂದ ನೆಲದಾಳಕ್ಕೆ ಒತ್ತಿ ತುಂಬಲಾಗುತ್ತಿತ್ತು. 2010ರ ಫೆಬ್ರವರಿ 27ರಂದು ಚಿಲಿ ದೇಶದಲ್ಲಿ 8.8 ಪ್ರಮಾಣದ ಭೂಕಂಪವಾದ ಒಂದು ದಿನದೊಳಗೆ ಪ್ರೇಗ್‌ ಬಳಿಯ ನೆಲ ಕಂಪಿಸಿತು. 2011ರ ನವೆಂಬರಿನಲ್ಲಿ ಅಲ್ಲಿಯೇ 5.7 ಪ್ರಮಾಣದ ಕಂಪವಾಗಿ ಮನೆಗಳು ಜಖಂಗೊಂಡವು. ಹಿಂದಿನ ಸಣ್ಣ ನಡುಕವು ಒಂದು ಮುನ್ಸೂಚನೆಯಾಗಿತ್ತೆಂಬುದನ್ನು ವಿಜ್ಞಾನಿಗಳು 2013ರಲ್ಲಿ ಎತ್ತಿ ತೋರಿಸಿದರು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಕೊಂಬೆಯನ್ನು ಮುರಿದದ್ದು ಕಾಗೆಯ ತೂಕವೊಂದೇ ಅಲ್ಲ. ಒಳಗಿನ ಸೀಳು ಮೊದಲೇ ಇತ್ತು. ಕಾಗೆಯ ಹಾರಾಟವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಯಾವ ಕೊಂಬೆ ಸೀಳಿದೆಯೆಂದು ನೋಡುವುದೂ, ಅದನ್ನು ನಾವೇ ಕಡಿಯದಿರುವುದೂ ನಮ್ಮ ಕೈಯಲ್ಲಿದೆ.