ದೆಹಲಿಯ ಬಡವರನ್ನು ಯಾವುದರಿಂದ ಅಳೆದರು?

1979ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಹೊಸ ನೋಂದಣಿ ಯೋಜನೆ ತೆರೆದು, ಮನೆ ಬೇಕೆಂದವರನ್ನು ಆದಾಯ ನೋಡಿ ಜನತಾ, ಎಲ್‌ಐಜಿ (ಕಡಿಮೆ ಆದಾಯ), ಎಂಐಜಿ (ಮಧ್ಯಮ ಆದಾಯ) ಎಂದು ವಿಂಗಡಿಸಿತು. ವಾಯವ್ಯ ದೆಹಲಿಯ ಪೀತಮ್‌ಪುರದಲ್ಲಿ ಇಂದಿಗೂ ಫ್ಲ್ಯಾಟುಗಳ ವಿಳಾಸದಲ್ಲೇ ಆ ಅಕ್ಷರಗಳಿವೆ. ಮನೆ ಎಷ್ಟು ಕೈ ಬದಲಾದರೂ ಮೊದಲ ಮಾಲೀಕನ ವರಮಾನ ಗೋಡೆ ಬಿಟ್ಟುಹೋಗಿಲ್ಲ. ಅದೇ 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ದೇಶಕ್ಕೆಲ್ಲ ಬಡತನ ರೇಖೆ ಎಳೆಯಿತು: ಹಳ್ಳಿಯವನಿಗೆ ದಿನಕ್ಕೆ 2,400 ಕ್ಯಾಲೊರಿ, ಪಟ್ಟಣದವನಿಗೆ 2,100. 1973-74ರ ಬೆಲೆಯಲ್ಲಿ ಪಟ್ಟಣದ ರೇಖೆ ತಿಂಗಳಿಗೆ ತಲಾ 56.64 ರೂಪಾಯಿ. ಒಂದು ಅಳತೆ ಸೂರಿಗೆ, ಇನ್ನೊಂದು ಅನ್ನಕ್ಕೆ. ದೆಹಲಿಯಲ್ಲಿ ಇಲ್ಲದವನನ್ನು ಉಳ್ಳವನಿಂದ ಬೇರೆಮಾಡಿದ್ದು ಅನ್ನಕ್ಕಿಂತ ಹೆಚ್ಚಾಗಿ ಕಾಲಡಿಯ ನೆಲ. ಅಧಿಕೃತ ರೇಖೆಗೆ ಆ ನೆಲ ಕಾಣಲೇ ಇಲ್ಲ ಎಂಬುದು ನನ್ನ ವಾದ.

ಪೀತಮ್‌ಪುರದ ಮಗ್ಗುಲಲ್ಲೇ ಶಕೂರ್‌ಪುರವಿದೆ, ಅದು ಪುನರ್ವಸತಿ ಕಾಲೊನಿ. 1960ರ ಸುಮಾರಿಗೆ ಗುಡಿಸಲು ತೆರವು ಯೋಜನೆ ಶುರುವಾದಾಗ ಕುಟುಂಬಕ್ಕೆ 80 ಚದರ ಗಜದ ನಿವೇಶನ ಕೊಡುತ್ತಿದ್ದರು. ತುರ್ತುಪರಿಸ್ಥಿತಿಯ ಹೊತ್ತಿಗೆ ಅದು 25ಕ್ಕೆ ಇಳಿದಿತ್ತು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದ ಕಾಲದಲ್ಲಿ ಝುಗ್ಗಿಗಳನ್ನು, ಅಂದರೆ ಗುಡಿಸಲುಗಳನ್ನು, ಎಣಿಸಿ, ಲೆಕ್ಕಕ್ಕೆ ಸಿಕ್ಕ ಸುಮಾರು 2.6 ಲಕ್ಷ ಕುಟುಂಬಗಳಿಗೆ ಟೋಕನ್ ಹಂಚಿದರು. ಮುಂದೆ, ಆ ವರ್ಷದ ಜನವರಿ 31ರೊಳಗೆ ಬಂದವರಿಗೆ 18 ಚದರ ಮೀಟರ್ ನಿವೇಶನ, ಆಮೇಲೆ 1998ರೊಳಗೆ ಬಂದವರಿಗೆ 12.5. ಹೊಟ್ಟೆಗೆಷ್ಟು ಎಂಬ ಪ್ರಶ್ನೆಯೇ ಇಲ್ಲ, ಬಂದದ್ದೆಂದು ಎಂಬುದೊಂದೇ. ಬಡತನ ರೇಖೆಯ ಲೆಕ್ಕಕ್ಕೆ ಆಧಾರವಾದ, ಬಳಕೆ ವೆಚ್ಚದ ರಾಷ್ಟ್ರೀಯ ಮಾದರಿ ಸಮೀಕ್ಷೆಯದು ಇದಕ್ಕೆ ತದ್ವಿರುದ್ಧ ಕುರುಡು: ಸ್ವಂತ ಮನೆಯಲ್ಲಿರುವವನಿಗೆ ಉಳಿಯುವ ಬಾಡಿಗೆ ಒಟ್ಟು ಖರ್ಚಿಗೆ ಸೇರುವುದಿಲ್ಲ. ಹಾಗಾಗಿ ಫ್ಲ್ಯಾಟಿನ ಒಡೆಯನೂ ಝುಗ್ಗಿಯ ಬಾಡಿಗೆದಾರನೂ ಕಾಗದದ ಮೇಲೆ ನಿಜಕ್ಕಿಂತ ಹತ್ತಿರದವರು. ಬಡವರನ್ನು ಎಣಿಸುವ ತೆಂಡೂಲ್ಕರ್ ಸಮಿತಿಯ ಪದ್ಧತಿಯಲ್ಲಿ 2011-12ರ ದೆಹಲಿಯ ನಗರ ರೇಖೆ ತಿಂಗಳಿಗೆ ತಲಾ 1,134 ರೂಪಾಯಿ, ಒಟ್ಟಾರೆ ಬಡವರು ಶೇ 9.9, ಕರ್ನಾಟಕದಲ್ಲಿ ಶೇ 20.9. ದೆಹಲಿಯ ಅಂಕಿ ಸುಳ್ಳಲ್ಲ, ಆದರೆ ಅದು ಉತ್ತರಿಸುವುದು ಬೇರೆಯೇ ಪ್ರಶ್ನೆಗೆ.

ಒಂದೇ ಅಳತೆ ಇದ್ದರೆ ತಾನೆ ವರ್ಷದಿಂದ ವರ್ಷಕ್ಕೆ, ರಾಜ್ಯದಿಂದ ರಾಜ್ಯಕ್ಕೆ ಹೋಲಿಸಲು ಬರುವುದು ಎಂದು ಅರ್ಥಶಾಸ್ತ್ರಜ್ಞರು ಆಕ್ಷೇಪಿಸಬಹುದು. ಒಪ್ಪತಕ್ಕ ಮಾತೇ; ಸರ್ಕಾರಗಳನ್ನು ಪ್ರಶ್ನಿಸಲು ಆ ರೇಖೆಯಷ್ಟು ಒದಗಿಬಂದ ಅಸ್ತ್ರ ಬೇರೆ ಕಡಿಮೆ. ಟೋಕನ್ನೂ ಬರೀ ಅಳತೆಯಾಗಿರಲಿಲ್ಲ, ಬೀದಿಗೆ ಬೀಳದಂತೆ ಎಷ್ಟೋ ಮಂದಿಗೆ ಅದೇ ಆಸರೆ. ಆದರೆ ಜಾಗ ಹಿಡಿದು ಅಸಮಾನತೆ ಅಳೆಯಲಾಗದು ಎಂಬುದನ್ನು ಮಾತ್ರ ಒಪ್ಪಲಾಗದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನಿಟ್ಟುಕೊಂಡು ಕರ್ನಾಟಕದ 175 ತಾಲ್ಲೂಕುಗಳನ್ನು ತೂಗಿ, 114 ಹಿಂದುಳಿದಿವೆ ಎಂದು ಹೆಸರು ಹಿಡಿದು ಹೇಳಿತು. ತಾಲ್ಲೂಕಿನೊಳಗಿನ ಅಂತರ ಅದಕ್ಕೂ ಕಾಣಲಿಲ್ಲ, ನಿಜ. ಆದರೂ ಅನುದಾನ ಕೇಳುವವರ ಕೈಗೆ ಪಟ್ಟಿಯೊಂದು ಸಿಕ್ಕಿತು. ಅಂಥ ಪಟ್ಟಿ ಬಳಕೆ ಸಮೀಕ್ಷೆಯಿಂದ ಹೊರಡದು, ಅದರ ಮಾದರಿ ರಾಜ್ಯಮಟ್ಟದ ಅಂದಾಜಿಗೆ ಹೊಂದಿಸಿದ್ದು. ಪೀತಮ್‌ಪುರ, ಶಕೂರ್‌ಪುರಗಳನ್ನು ಬೇರೆ ಬೇರೆಯಾಗಿ ತೋರಿಸುವಷ್ಟು ಮನೆಗಳು ಅದರಲ್ಲಿ ಬರುವುದಿಲ್ಲ.