ಅಲಂಕಾರಿಕ ಜೇಕುಗಳು: ಕೊಯಮತ್ತೂರು–ತಿರುಪ್ಪೂರು ಸೀಮೆಯ ಚರಿತ್ರೆ

ಜೇಕು ನೋಟಕ್ಕೆ ಹುಲ್ಲು, ಕುಲದಲ್ಲಿ ಬೇರೆ. ದಂಟನ್ನು ಬೆರಳ ನಡುವೆ ಉರುಳಿಸಿದರೆ ಸಾಮಾನ್ಯವಾಗಿ ಮೂರು ಏಣು ತಗಲುತ್ತವೆ. ಎಲೆಗಳೂ ಮೂರು ಸಾಲಿನಲ್ಲಿ ಹೊರಡುತ್ತವೆ. ಸೈಪರೇಸಿ ಎಂಬ ಈ ಕುಟುಂಬದಲ್ಲಿ 5,000ಕ್ಕೂ ಮೀರಿದ ಪ್ರಭೇದಗಳಿವೆ. ತಮಿಳರು ಕೋರೈ ಎನ್ನುವ ಈ ಗಿಡಗಳು ಕೊಯಮತ್ತೂರು–ತಿರುಪ್ಪೂರಿನ ಈ ಕೊಂಗು ಸೀಮೆಯಲ್ಲಿ ಮೊದಲು ಹೆಸರಾದದ್ದು ಕಳೆಯಾಗಿ, ಚಾಪೆಯ ಸರಕಾಗಿ. ತೋಟದ ಅಲಂಕಾರವಾದದ್ದು ಆಮೇಲೆ.

ರೈತನಿಗೆ ಇವುಗಳಲ್ಲಿ ಕೊನ್ನಾರಿ ಗಡ್ಡೆಯಷ್ಟು ಕಾಡಿದ್ದು ಇನ್ನೊಂದಿಲ್ಲ. ನೆಲದೊಳಗೆ ಸರಪಣಿಯಂತೆ ಗಡ್ಡೆ ಕಟ್ಟುವ ಇದನ್ನು ಕಿತ್ತಷ್ಟೂ ಉಳಿದ ತುಂಡು ಮತ್ತೆ ಚಿಗುರುತ್ತದೆ. ಅದೇ ಗಡ್ಡೆ ಒಣಗಿ ಸುವಾಸನೆ ಬೀರಿದರೆ ಭದ್ರಮುಷ್ಟಿಯಾಗಿ ಗಂಧಿಗೆ ಅಂಗಡಿ ಸೇರುತ್ತದೆ. ಅಮರಾವತಿ ಕಾಲುವೆ ಹರಿಯುವ ಉಡುಮಲೈ, ಧಾರಾಪುರದ ಕಡೆಯ ಗದ್ದೆಗಳಲ್ಲಿ ಬೇರೆ ಜೇಕುಗಳು ಭತ್ತದ ನಡುವೆ ತಲೆ ಎತ್ತುತ್ತವೆ. ಚಾಪೆಯ ಕೋರೈ ಮಾತ್ರ ಬೆಳೆಯ ಮರ್ಯಾದೆ ಪಡೆದಿದೆ. ಪಕ್ಕದ ಕರೂರು, ನಾಮಕ್ಕಲ್‌ಗಳ ಕಾವೇರಿ ದಂಡೆಯಲ್ಲಿ ಅದನ್ನು ನೆಟ್ಟು, ಕೊಯ್ದು, ಸೀಳಿ ಒಣಗಿಸುತ್ತಾರೆ.

ಈ ಗಿಡಗಳನ್ನು ಮೊದಮೊದಲು ಶಾಸ್ತ್ರದ ಕಣ್ಣಿನಿಂದ ಕಂಡವರಲ್ಲಿ ವಿದೇಶಿ ವೈದ್ಯರೂ ಇದ್ದರು. 1768ರಲ್ಲಿ ತರಂಗಂಬಾಡಿಗೆ ಬಂದ ಕ್ಯೋನಿಗ್ ಯುರೋಪಿಗೆ ಕಳಿಸಿದ ಮಾದರಿಗಳನ್ನು ಡೆನ್ಮಾರ್ಕಿನ ರೋಟ್‌ಬೋಲ್ 1773ರ ತನ್ನ ಸಚಿತ್ರ ಗ್ರಂಥದಲ್ಲಿ ಬಳಸಿಕೊಂಡ. ಮುಂದೆ ರಾಬರ್ಟ್ ವೈಟ್ ತನ್ನ ಸಂಗ್ರಹದ ಜೇಕುಗಳನ್ನು ಜರ್ಮನಿಯ ನೀಸ್ ಫಾನ್ ಎಸೆನ್‌ಬೆಕ್‌ಗೆ ಒಪ್ಪಿಸಿದ. ಆ ವಿವರಣೆ 1834ರಲ್ಲಿ ಅಚ್ಚಾಯಿತು. 1842ರಿಂದ 1853ರ ತನಕ ವೈಟ್ ಕೊಯಮತ್ತೂರಿನಲ್ಲೇ ಇದ್ದ, ಆದರೆ ಈಸ್ಟ್ ಇಂಡಿಯಾ ಕಂಪನಿ ಅವನನ್ನು ಕೂರಿಸಿದ್ದು ಅಮೆರಿಕದ ಹತ್ತಿಯ ಪ್ರಯೋಗಕ್ಕೆ. ಹತ್ತಿ ಅವನಿಗೆ ಅಷ್ಟಾಗಿ ಒಲಿಯಲಿಲ್ಲ. ಗಿಡಗಳ ಚಿತ್ರಸಂಪುಟಗಳು ಇಂದಿಗೂ ಬಳಕೆಯಲ್ಲಿವೆ.

ವೈಟ್‌ನ ಬಳಿಕ ಸಂಸ್ಥೆಗಳ ಸರದಿ. 1906ರಲ್ಲಿ ಮದರಾಸಿನ ಸೈದಾಪೇಟೆಯ ಕೃಷಿ ಕಾಲೇಜು ಕೊಯಮತ್ತೂರಿಗೆ ಬಂತು. 1971ರಲ್ಲಿ ಅದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯವಾಯಿತು. ಅರಣ್ಯಾಧಿಕಾರಿ ಫಿಶರ್ 1921ರಲ್ಲಿ ಆನೆಮಲೆಯ ಸಸ್ಯಸಮೀಕ್ಷೆ ಪ್ರಕಟಿಸಿದ. ಗ್ಯಾಂಬಲ್ ಆರಂಭಿಸಿದ ಮದರಾಸ್ ಪ್ರಾಂತ್ಯದ ಸಸ್ಯಗ್ರಂಥವನ್ನು, ಆತ 1925ರಲ್ಲಿ ತೀರಿಕೊಂಡ ಮೇಲೆ, 1936ರ ಹೊತ್ತಿಗೆ ಮುಗಿಸಿದವನೂ ಇವನೇ. ಜೇಕುಗಳ ಅಧ್ಯಾಯ ಫಿಶರನ ಪಾಲಿನದು. 1853ರಲ್ಲಿ ಮದರಾಸಿನಲ್ಲಿ ಹುಟ್ಟಿದ ಒಣಸಸ್ಯ ಸಂಗ್ರಹ ಈಗ ಕೊಯಮತ್ತೂರಿನಲ್ಲಿದೆ. ಭಾರತೀಯ ಸಸ್ಯ ಸರ್ವೇಕ್ಷಣೆಯ ದಕ್ಷಿಣ ವಲಯ ಇಲ್ಲಿ ಆರಂಭವಾದದ್ದು 1955ರಲ್ಲಿ. ಇಷ್ಟೆಲ್ಲ ನಾಡ ಜೇಕುಗಳನ್ನು ಹಾಳೆಗೆ ಅಂಟಿಸಿಟ್ಟುಕೊಂಡ ಊರು ತನ್ನ ತೋಟಗಳಿಗೆ ಆರಿಸಿಕೊಂಡದ್ದು ಪರದೇಶದವನ್ನು ಎಂಬುದು ತುಸು ವಿಚಿತ್ರವೇ.

ಅವುಗಳಲ್ಲಿ ಮುಖ್ಯವಾದದ್ದು ಆಫ್ರಿಕಾ ಮೂಲದ ಕೊಡೆ ಜೇಕು. ದಂಟಿನ ತುದಿಯಲ್ಲಿ ಎಲೆಯಂಥ ಪಟ್ಟಿಗಳು ಸುತ್ತಲೂ ಹರಡಿರುತ್ತವೆ. ಒಂದು ಮೀಟರಿನ ಆಸುಪಾಸು ಬೆಳೆಯುವುದರಿಂದ ಮನೆಯ ಮುಂದಿನ ತಾವರೆ ತೊಟ್ಟಿಗೂ ಒಗ್ಗುತ್ತದೆ. ಬೀಜ ಹುಡುಕಬೇಕಿಲ್ಲ: ತಲೆಯನ್ನು ತುಸು ದಂಟಿನೊಂದಿಗೆ ಕತ್ತರಿಸಿ, ಪಟ್ಟಿಗಳನ್ನು ಮೊಟಕು ಮಾಡಿ, ತಲೆಕೆಳಗಾಗಿ ನೀರಿನಲ್ಲಿಟ್ಟರೆ ಅವುಗಳ ಬುಡದಿಂದಲೇ ಬೇರು, ಮೊಳಕೆ ಹೊರಡುತ್ತವೆ. ಪ್ರಾಚೀನ ಈಜಿಪ್ಟಿನವರು ಬರೆಯುವ ಹಾಳೆ ಮಾಡಿದ ಪಪೈರಸ್ ಆಳೆತ್ತರವನ್ನೂ ಮೀರುತ್ತದೆ. ಅದಕ್ಕೆ ಕೊಳವೇ ಬೇಕು, ಗಾಳಿಗೆ ಮರೆಯೂ ಬೇಕು. ಪಾಲಕ್ಕಾಡು ಕಣಿವೆಯಿಂದ ನುಗ್ಗುವ ಗಾಳಿ ಅಷ್ಟುದ್ದದ ದಂಟನ್ನು ಬಾಗಿಸದೆ ಬಿಡುವುದಿಲ್ಲ.

ಯುರೋಪ್, ಜಪಾನಿನ ತೋಟಗಳಲ್ಲಿ ಅಲಂಕಾರಿಕ ಜೇಕು ಎಂದರೆ ಮುಖ್ಯವಾಗಿ ಕ್ಯಾರೆಕ್ಸ್ ಕುಲ. ಹಳದಿ ಪಟ್ಟೆಯ ಅದರ ತಳಿಗಳ ಚಿತ್ರ ನೋಡಿ ತರಿಸಿಕೊಳ್ಳುವವರಿಗೆ ಬಯಲಿನಲ್ಲಿ ನಿರಾಸೆಯೇ ಹೆಚ್ಚು. ಕೊಯಮತ್ತೂರು ನಗರ ಮಳೆಯ ನೆರಳಿನಲ್ಲಿದೆ, ತಿರುಪ್ಪೂರು ಇನ್ನೂ ಒಣ. ತಂಪು ಬಯಸುವ ಈ ಗಿಡಗಳಿಗೆ ಏಪ್ರಿಲ್–ಮೇ ದಾಟುವುದು ಕಷ್ಟ. ಕೊಯಮತ್ತೂರು ಜಿಲ್ಲೆಯದೇ ಆದ ವಾಲ್ಪಾರೈ ಮೇಲಿನ ಶೋಲಾ ಕಾಡಿನ ಅಂಚಿನಲ್ಲಿ ಕಾಡು ಕ್ಯಾರೆಕ್ಸ್‌ಗಳು ತಮ್ಮಷ್ಟಕ್ಕೆ ಬೆಳೆಯುತ್ತವೆ. ಬಯಲಿನ ತೋಟಕ್ಕೆ ಕೊಡೆ ಜೇಕು, ಪಪೈರಸ್‌ಗಳ ಸೈಪರಸ್ ಕುಲವೇ ಸರಿ, ಅದೂ ತಳ ತೂತಿಲ್ಲದ ಕುಂಡದಲ್ಲಿ: ತೇವ ಉಳಿಯುತ್ತದೆ, ಬೇರೂ ಕುಂಡದಾಚೆ ಹೋಗುವುದಿಲ್ಲ. ಆಸ್ಟ್ರೇಲಿಯಾ, ಹವಾಯಿಗಳಲ್ಲಿ ಕೊಡೆ ಜೇಕು ತೋಟದಿಂದ ತಪ್ಪಿಸಿಕೊಂಡು ಹೊಳೆದಂಡೆ ಹಿಡಿದಿದೆ. ನೊಯ್ಯಲ್ ನದಿಯ ಕೆರೆಸಾಲಿನ ಬದಿಯಲ್ಲಿ, 2024ರಲ್ಲಿ ಜೌಗುಭೂಮಿಯಾಗಿ ರಾಮ್‌ಸಾರ್ ಮನ್ನಣೆ ಪಡೆದ ತಿರುಪ್ಪೂರಿನ ನಂಜರಾಯನ್ ಕೆರೆಯ ಆಸುಪಾಸಿನಲ್ಲಿ ಇದನ್ನು ನೆಡುವವರು ಹೆಚ್ಚಾದ ಬುಡಗಳನ್ನು ನೀರಿಗೆ ಎಸೆಯದೆ ಒಣಗಿಸಿ ಗೊಬ್ಬರ ಮಾಡುವುದು ಲೇಸು.